ಹೊಳೆ ತಿರುಗುವ ತಿಂಗಳು

ನಮ್ಮೂರಿನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ.
ಎರಡು ನೀರು ಬಂದು ಕೂಡುತ್ತವೆ,
ಒಂದಷ್ಟು ದೂರ ಒಂದೇ ಹೊಳೆ,
ಆಮೇಲೆ ಮನಸ್ಸು ಬದಲಿಸಿದಂತೆ ಮತ್ತೆ ಎರಡು.
ನಾಮ್ ಪೆನ್ನಿನ ಅರಮನೆಯೆದುರು ಹರಿಯುವುದು ಇದೇ.
ಮಿದುಳಿನ ಕಾಂಡಕ್ಕೆ ಆತುಕೊಂಡು ಮೇಲೇರುವ
ನೆತ್ತರಿನ ನಾಳದ್ದೂ ಇದೇ ಚಿತ್ರ.
ಬಣ್ಣದ ಮದ್ದು ಒತ್ತಿ, ಬೂದು ಪರದೆಯ ಮೇಲೆ
ಕಪ್ಪು ಹೊಳೆ ಏಳುವುದನ್ನು ಕಾಯುವುದು ನನ್ನ ಕೆಲಸ.
ಹನ್ನೊಂದು ವರ್ಷವಾಯಿತು. ನನಗೆ ಈಜು ಬರುವುದಿಲ್ಲ.

ಆ ಶುಕ್ರವಾರ ರಾತ್ರಿ ಇಬ್ಬರು ಬಂದರು.

ಮೊದಲು ಕುಂಥಿಯಾ, ಮೂವತ್ತನಾಲ್ಕು,
ಪ್ಯಾಂಟಿಗೆ ಜೇಬು ಹೊಲಿಯುವವಳು, ಬರೀ ಬಲಗಡೆಯ ಜೇಬು.
ಯಂತ್ರದ ಮೇಲೆ ಕೆನ್ನೆಯಿಟ್ಟು ಮಲಗಿದಳಂತೆ,
ಓವರ್‌ಟೈಮಿನ ನಿದ್ದೆ ಎಂದು ಮೇಸ್ತ್ರಿ ಗದರಿದನಂತೆ.
ಅಡಚಣೆ ತುತ್ತತುದಿಯಲ್ಲಿ, ಕವಲೊಡೆಯುವಲ್ಲಿ.
ನಾಳದ ಗೋಡೆ ನುಣುಪು, ಅದರದೇನೂ ತಪ್ಪಿಲ್ಲ.
ಎಳವೆಯಲ್ಲೊಮ್ಮೆ ಗಂಟಲು ಬಾತು, ಕೀಲು ನೊಂದು, ಯಾರೂ ವಿಚಾರಿಸದ ಜ್ವರ
ಹೃದಯದ ಕದವೊಂದನ್ನು ಬಿರುಸು ಮಾಡಿ ಹೋಗಿತ್ತು;
ಕದದ ಹಿಂದೆ ನಿಂತ ನೆತ್ತರಲ್ಲಿ ಹೆಪ್ಪುಗಟ್ಟಿದ್ದು
ಬಿಡಿಸಿಕೊಂಡು, ತೇಲಿಕೊಂಡು,
ಹಾದಿ ಕಿರಿದಾಗುವ ತನಕ ಬಂದು ಸಿಕ್ಕಿಕೊಂಡಿತ್ತು.
ಪರವೂರಿನ ಕಳ್ಳ.
ಡಾಕ್ಟರ್ ವಿಬೋಲ್ ತೊಡೆಸಂದಿನಿಂದ ಕೊಳವೆ ಏರಿಸಿ
ಒಮ್ಮೆ ಹೀರಿದರು. ಬಟ್ಟಲಲ್ಲಿ ಅಕ್ಕಿಕಾಳಿನಷ್ಟು ಕೆಂಪು.
ಮೇಜಿನ ಮೇಲೇ ಕಣ್ತೆರೆದು ಕೇಳಿದಳು:
'ನನ್ನ ಪಾಳಿ ಮುಗಿಯಿತಾ?'

ಎರಡನೆಯವನು ಸಾರೂನ್, ಫೆರಿ ನಡೆಸುವವನು.
ಅವನದು ನಡುವಿನಲ್ಲಿ. ಎಲ್ಲಿಂದಲೂ ಬಂದದ್ದಲ್ಲ.
ಮೂವತ್ತು ವರ್ಷದ ಸಿಗರೇಟು, ಸಕ್ಕರೆ, ಉಪ್ಪುಮೀನು
ಪದರ ಪದರವಾಗಿ ಗೋಡೆಗೆ ಮೆತ್ತಿಕೊಂಡ ಹೂಳು;
ಮನೆಯವನೇ ದಿನಕ್ಕೊಂದು ಇಟ್ಟಿಗೆಯಂತೆ
ತನ್ನ ಬಾಗಿಲು ಕಟ್ಟಿಕೊಂಡ ಹಾಗೆ.
ವಾರದಿಂದ ಅದು ಹೇಳುತ್ತಲೇ ಇತ್ತು:
ತಲೆಸುತ್ತು, ಸ್ವಲ್ಪ ತೊದಲು, ಒಂದು ಸಂಜೆ ಎದುರಿಗೆ ಎರಡೆರಡು ದಡ.
ಅವನು ಬೆನ್ನಿಗೆ ನಾಣ್ಯ ಉಜ್ಜಿಸಿಕೊಂಡು
ಎರಡರ ನಡುವೆ ಅಂದಾಜಿನಲ್ಲಿ ದೋಣಿ ತಂದು ನಿಲ್ಲಿಸಿದ.

ಹೀರಿದರೆ ತೆರೆಯಿತು. ನೋಡುತ್ತಿದ್ದಂತೆ ಮುಚ್ಚಿತು.
ಮತ್ತೆ ಹೀರಿದರು. ಮತ್ತೆ ಮುಚ್ಚಿತು.
ಹೂಳು ಹೀರಿದರೆ ಬರುವಂಥದ್ದಲ್ಲ. ಬಲೂನು ಬೇಕು, ಆಮೇಲೆ ಜಾಲರಿ,
ಜಾಲರಿಗೆ ಹೆಪ್ಪು ಹತ್ತದಂತೆ ಮದ್ದು,
ಮದ್ದಿಗೆ ನೆತ್ತರು ಸೋರದಂತೆ ದೇವರು.
ಆ ನಡುವಿನಿಂದಲೇ ಕೂದಲೆಳೆಯ ಕಾಲುವೆಗಳು ಕಾಂಡದೊಳಕ್ಕೆ ಹೊರಡುತ್ತವೆ,
ಬಲೂನು ಅರಳಿದರೆ ಹೂಳು ಅವುಗಳ ಬಾಯಿಗೇ.
ಆಗ ಬಿತ್ತೋ, ಬಿದ್ದೇ ಬಂದಿದ್ದನೋ.
ನಾಲ್ಕೂವರೆಗೆ ಹೊಳೆ ಹರಿಯಿತು.
ಅವನು ಅಲುಗಲಿಲ್ಲ.

ಮಗಳು ಮೊನಿರಾತ್ ಕಾರಿಡಾರಿನಲ್ಲಿ ಅಡ್ಡ ನಿಂತಳು.
'ಅದೇ ನಾಳ, ಅದೇ ರಾತ್ರಿ, ಅದೇ ಡಾಕ್ಟರು.
ಅವಳು ಐದನೇ ದಿನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದಳು.'
ಅವಳ ಬಿಲ್ಲಿನ ಬೆನ್ನಿಗೆ ಗೆರೆ ಎಳೆದು ತೋರಿಸಿದೆ:
ಅವಳದು ಇಲ್ಲಿ, ಅಪ್ಪನದು ಇಲ್ಲಿ.
ನಡುವಿನ ದೂರ ಕಿರುಬೆರಳ ಉಗುರಿನಷ್ಟು.
ಬಹಳ ಹೊತ್ತು ಗೆರೆ ನೋಡಿದಳು.
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವನಿಗೆ ಎಲ್ಲ ಕೇಳಿಸುತ್ತದೆ. ಕಣ್ಣು ಮಾತ್ರ ಆಡುತ್ತದೆ,
ಮೇಲೆ, ಕೆಳಗೆ. ಪಕ್ಕಕ್ಕೆ ಇಲ್ಲ.

ಇಲ್ಲಿಯ ಒಂದು ಹೊಳೆ ಮಳೆಗಾಲವಿಡೀ
ಹಿಂದಕ್ಕೆ, ಸರೋವರದ ಕಡೆಗೆ ಹತ್ತುತ್ತದೆ.
ಕಾರ್ತಿಕದ ಹುಣ್ಣಿಮೆಯ ಹೊತ್ತಿಗೆ ತಿರುಗಿ ಕಡಲಿಗೆ.
ನಾಳ ಕಟ್ಟಿದಾಗಲೂ ಒಮ್ಮೊಮ್ಮೆ ಹೀಗೇ,
ಮುಂದಿನ ನೆತ್ತರು ಹಿಂಬದಿಯ ಹಾದಿಯಿಂದ ಇಳಿದು ಬಂದು
ತುದಿಯನ್ನು ಉಳಿಸುತ್ತದೆ. ಅವನ ಎಚ್ಚರ ಉಳಿದದ್ದು ಹಾಗೆ.
ಉಪಕಾರವೋ ಅಲ್ಲವೋ, ನಾನು ಕೇಳಿಲ್ಲ.

ಇಪ್ಪತ್ತಾರನೇ ದಿನ ಮೊನಿರಾತ್ ಕೇಳಿದಳು:
'ಅಪ್ಪಾ, ಹೊಳೆ ಈಗ ಯಾವ ಕಡೆ?'
ಕಿಟಕಿ ಮುಚ್ಚಿತ್ತು. ಯಾರೂ ಹೇಳಿರಲಿಲ್ಲ.
ಅವನು ಕೊಂಚ ಹೊತ್ತು ಲೆಕ್ಕ ಹಾಕಿ
ಕೆಳಗೆ ನೋಡಿದ.

ಪಾಳಿ ಮುಗಿಸಿ ದಂಡೆಗೆ ಹೋದೆ.
ನೀರು ನೋಡಿದರೆ ನನಗೆ ತಿಳಿಯುವುದಿಲ್ಲ.
ಲಂಗರು ಹಾಕಿದ ದೋಣಿಯ ಮೂತಿ ನೋಡಬೇಕಂತೆ,
ನೀರು ಬರುವ ಕಡೆಗೇ ಇರುತ್ತದಂತೆ.
ಎರಡು ಸರೋವರದ ಕಡೆಗಿದ್ದವು.
ಒಂದು ಇನ್ನೂ ತಿರುಗುತ್ತಿತ್ತು.